ಸ್ವರ್ಗಕ್ಕೆ ಬಸ್ಸು ಬೇಡವಂತೆ

ಹೋದ ತಿಂಗಳು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ವಾರ್ಷಿಕ ಸಭೆ ನಡೆಯಿತು. ಮೈಸೂರಿನ ಹೊಸ ಬಡಾವಣೆಗಳಲ್ಲಿ ವಾಸಮಾಡುವವರಿಗೆ ಇಂಥ ಸಭೆಗಳ ವರ್ಣನೆ ಬೇಕಾಗಿಲ್ಲ. ಪಾರ್ಕಿನ ಮಂಟಪದಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿ. ಮೂವತ್ತೈದರಲ್ಲಿ ಅರವತ್ತು ದಾಟಿದವರು, ಉಳಿದ ಐದರಲ್ಲಿ ಅವರ ಊರುಗೋಲು, ಶಾಲು, ಕೈಚೀಲ. ವರದಿ ಓದಿದ್ದಾಯಿತು. ಲೆಕ್ಕಪತ್ರ ಒಪ್ಪಿದ್ದಾಯಿತು. (ಲೆಕ್ಕ ತಪಾಸಣೆ ಮಾಡಿದವನು ನಾನೇ, ಏಳು ರೂಪಾಯಿ ಎಲ್ಲಿ ಹೋಯಿತೆಂಬುದು ಇನ್ನೂ ಗೊತ್ತಾಗಿಲ್ಲ.) ಉಪ್ಪಿಟ್ಟು ಕೇಸರಿಬಾತು ಬರುವ ಹೊತ್ತಿಗೆ ಸರಿಯಾಗಿ ಅಧ್ಯಕ್ಷರು ಒಂದು ನಿರ್ಣಯ ಮಂಡಿಸಿದರು. ಮೈಸೂರು ನಿವೃತ್ತರ ಸ್ವರ್ಗವೆಂದು ಹೆಸರಾದ ಊರು. ಆ ಹೆಸರನ್ನು ಕಾಪಾಡತಕ್ಕದ್ದು ಸರ್ಕಾರದ ಮತ್ತು ನಗರಪಾಲಿಕೆಯ ಕರ್ತವ್ಯ. ಆದಕಾರಣ ನಮ್ಮ ಬಡಾವಣೆಯೊಳಕ್ಕೆ ಬಸ್ಸು, ಹಾಸ್ಟೆಲು, ಹೋಟೆಲು, ತಳ್ಳುಗಾಡಿ ಮುಂತಾದುವನ್ನು ಬಿಡಕೂಡದು. ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ. ಉಪ್ಪಿಟ್ಟು ಆರುತ್ತಿತ್ತು.

ಆ ಎತ್ತಿದ ಕೈಯನ್ನು ಇಳಿಸಿಕೊಳ್ಳುವುದಕ್ಕಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡುವುದು ನ್ಯಾಯ. ನಾನು ಮೈಸೂರಿನವನಲ್ಲ. ಹುಟ್ಟಿದ್ದು ಹಾಸನದ ಕಡೆಯ ಒಂದು ಹಳ್ಳಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಅಂಕಿಗಳನ್ನು ಕೂಡಿ ಕಳೆದೆ. 2010ರಲ್ಲಿ ನಿವೃತ್ತನಾದೆ, ಮರುವರ್ಷ ರಾಜಾಜಿನಗರದ ಚಿಕ್ಕ ಮನೆಯನ್ನು ಮಾರಿ, ಇಲ್ಲಿ ಹಿನಕಲ್ಲಿನ ಹತ್ತಿರ ದೊಡ್ಡ ಮನೆ ಕಟ್ಟಿಸಿದೆ. ಕಟ್ಟಿಸಿದ ಮೇಲೂ ಬ್ಯಾಂಕಿನಲ್ಲಿಡುವಷ್ಟು ಹಣ ಉಳಿಯಿತು. ನಮ್ಮ ವಲಸೆಯ ಮೂಲ ಈ ಗಣಿತ. ಚಾಮುಂಡೇಶ್ವರಿಯ ಸಾನ್ನಿಧ್ಯ, ಒಳ್ಳೆಯ ಹವೆ, ಒಂಟಿಕೊಪ್ಪಲಿನ ಗಣೇಶೋತ್ಸವದ ಸಂಗೀತ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಇವೆಲ್ಲ ಗೃಹಪ್ರವೇಶಕ್ಕೆ ಬಂದವರು ಕೇಳಿದಾಗ ಹೇಳುವುದಕ್ಕೆ ಆಮೇಲೆ ಕೂಡಿಸಿಕೊಂಡ ಕಾರಣಗಳು. ಸುಳ್ಳೆಂದಲ್ಲ; ಮೊದಲನೆಯವಲ್ಲ, ಅಷ್ಟೆ.

ಇನ್ನು ಆ ಸ್ವರ್ಗದ ಮಾತು. 'ಪೆನ್ಷನರ್ಸ್ ಪ್ಯಾರಡೈಸ್' ಎಂಬ ಬಿರುದು ಮೊದಲು ಬಲವಾಗಿ ಅಂಟಿದ್ದು ಬೆಂಗಳೂರಿಗೆ. ದಂಡಿನ ಕಡೆ ಬಂಗಲೆ ಕಟ್ಟಿಕೊಂಡ ಇಂಗ್ಲಿಷ್ ಅಧಿಕಾರಿಗಳು, ಆಮೇಲೆ ಬಸವನಗುಡಿ ಮಲ್ಲೇಶ್ವರಗಳಲ್ಲಿ ಮನೆಮಾಡಿದ ನಮ್ಮವರೇ ಆದ ಅಮಲ್ದಾರರು, ಮುನಸೀಫರು, ಮೇಷ್ಟರುಗಳು, ಆಮೇಲೆ 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರಕ್ಕೆ ಬಂದವರು, ಎಲ್ಲರೂ ಆ ಸ್ವರ್ಗವನ್ನು ಹೊಗಳಿದರು. 1951ರ ಜನಗಣತಿಯಲ್ಲಿ ಎಂಟು ಲಕ್ಷವನ್ನೂ ಮುಟ್ಟದಿದ್ದ ಆ ಊರು 2011ರ ಹೊತ್ತಿಗೆ ಎಂಬತ್ತು ಲಕ್ಷವನ್ನು ದಾಟಿತ್ತು. ಕೆಡಿಸಿದವರು ಪೆನ್ಷನ್‌ದಾರರೇ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಕಾರ್ಖಾನೆಗಳು ಬಂದವು, ಕಂಪ್ಯೂಟರು ಬಂತು. ಆದರೆ ಊರು ಬೆಳೆಯುತ್ತಿದ್ದಾಗ ನಾವು ಮಾಡಿದ್ದೇನು? ನಮ್ಮ ಸೈಟಿನ ಬೆಲೆ ಏರುವುದನ್ನು ಸಂತೋಷದಿಂದ ನೋಡಿದೆವು, ಏರಿದ ಮೇಲೆ ಮಾರಿದೆವು, ಮಾರಿ ಬರುವಾಗ 'ಬೆಂಗಳೂರು ಹಾಳಾಗಿಹೋಯಿತು' ಎಂದು ನಿಟ್ಟುಸಿರುಬಿಟ್ಟು ಲಾರಿ ಹತ್ತಿದೆವು. ಒಂದು ಸ್ವರ್ಗವನ್ನು ಲಾಭಕ್ಕೆ ಮಾರಿ ಇನ್ನೊಂದನ್ನು ಅಗ್ಗಕ್ಕೆ ಕೊಂಡವರು ನಾವು. ಹೀಗೆ ಸ್ವರ್ಗಗಳ ವ್ಯಾಪಾರ ಮಾಡತಕ್ಕವರಿಗೆ ಪುರಾಣದಲ್ಲಿ ಏನು ಹೆಸರೋ ನನಗೆ ತಿಳಿಯದು.

ಮೈಸೂರು ನಿವೃತ್ತರ ಊರು ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. 1831ರಲ್ಲಿ ಆಡಳಿತ ಇಂಗ್ಲಿಷರ ಕೈಗೆ ಹೋಗಿ ಕಚೇರಿಗಳು ಬೆಂಗಳೂರಿಗೆ ಸಾಗಿದ ಮೇಲೆ ಈ ಊರು ಅರಮನೆಯ ನೆರಳಿನಲ್ಲಿ ಮಲಗಿತು ಎಂದು ಹೊರಗಿನವರು ಭಾವಿಸಿದ್ದಾರೆ. ಮಲಗಿದ ಊರಿನಲ್ಲಿ 1912ರಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಹುಟ್ಟುತ್ತದೆಯೆ? ಅದರ ಬೆನ್ನಿಗೇ ಗಂಧದೆಣ್ಣೆಯ ಕಾರ್ಖಾನೆ ಬಂತು. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಬಂತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಮಸಿ ಅಲ್ಲಿಯದೇ. ಕೃಷ್ಣರಾಜೇಂದ್ರ ಗಿರಣಿ ಇತ್ತು. ರೈಲ್ವೆ ವರ್ಕ್‌ಷಾಪಿದೆ. ಯಾದವಗಿರಿಯಲ್ಲಿ ಜಾವಾ ಮೋಟಾರು ಸೈಕಲ್ಲಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲಿಯ ಕೆಲಸಗಾರರು ಊರಿನಲ್ಲಿ ಮರ್ಯಾದಸ್ಥರೆನಿಸಿಕೊಂಡು ತಲೆಯೆತ್ತಿ ಓಡಾಡುತ್ತಿದ್ದರು. ನಾವು ಪೆನ್ಷನ್ನಾಗಿ ಎಣಿಸಿಕೊಳ್ಳುವ ನೋಟುಗಳಲ್ಲಿ ಕೆಲವಾದರೂ ಮೇಟಗಳ್ಳಿಯ ಮುದ್ರಣಾಲಯದಲ್ಲಿ ಅಚ್ಚಾದವು. ಊದುಬತ್ತಿ ಹೊಸೆದವರು, ಬೀಡಿ ಕಟ್ಟಿದವರು, ವೀಳೆಯದೆಲೆ ಬೆಳೆದವರು, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಅಳೆದವರು ಇವರ ಲೆಕ್ಕ ಬೇರೆ. ದುಡಿದವರು ಕಟ್ಟಿದ ಊರಿಗೆ ದುಡಿಮೆ ಮುಗಿಸಿದವರು ಬಂದು ತಮ್ಮ ಬಿರುದು ಅಂಟಿಸುವುದು ಯಾವ ನ್ಯಾಯ?

ಬಿರುದು ಬರಿಯ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಊರನ್ನು ಯಾರ ಅನುಕೂಲಕ್ಕೆ ನಡೆಸಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. 'ಇಲ್ಲಿ ಕಾರ್ಖಾನೆ ಬೇಡ, ಹೊಗೆ; ಕಾಲೇಜು ಬೇಡ, ಗದ್ದಲ; ಬಸ್ಸು ಬೇಡ, ಧೂಳು' ಎಂದು ಹೇಳುವ ಧೈರ್ಯ ನಮಗೆ ಬಂದದ್ದು ಆ ಬಿರುದಿನಿಂದಲೇ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸನ್ನು ಒಂದು ದಿನ ನಿಲ್ದಾಣಕ್ಕೆ ಹೋಗಿ ನೋಡಿ. ಇದೇ ಊರಿನಲ್ಲಿ ಓದಿದ ಹುಡುಗರು ಹುಡುಗಿಯರು ಬುತ್ತಿಯ ಡಬ್ಬಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಆ ಕಡೆಯಿಂದ ಬರುವ ಗಾಡಿ ನಮ್ಮನ್ನು ಇಳಿಸುತ್ತದೆ. ಎಳೆಯರನ್ನು ಕಳಿಸಿ ಮುದುಕರನ್ನು ತರಿಸಿಕೊಳ್ಳುವ ವಿನಿಮಯ ಯಾವ ಊರಿಗೂ ಶ್ರೇಯಸ್ಸಲ್ಲ.

2023ರ ಮಾರ್ಚಿಯಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಹೇಳುವುದೇ ಬೇಡ. ನೂರ ಹದಿನೆಂಟು ಕಿಲೋಮೀಟರು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವುದೂ ಅಡ್ಡ ಬರುವುದಿಲ್ಲ. ಮದ್ದೂರು ವಡೆ ತಿನ್ನದೆ ಮೈಸೂರಿಗೆ ಬರುವುದು ಪ್ರಯಾಣವೇ ಅಲ್ಲವೆಂದು ತಿಳಿದಿದ್ದ ತಲೆಮಾರಿನವನು ನಾನು. ಆ ದುಃಖ ಇರಲಿ. ಬೆಂಗಳೂರಿನಲ್ಲಿ ಮನೆಯಿಂದ ಕಚೇರಿಗೆ ಹೋಗುವ ಹೊತ್ತಿನಲ್ಲಿ ಮೈಸೂರಿಗೇ ಬಂದುಬಿಡಬಹುದೆಂದು ಗೊತ್ತಾದೊಡನೆ ಇನ್ನೂ ನಿವೃತ್ತರಾಗದವರು ಸಹ ಭಾವೀ ನಿವೃತ್ತಿಗೆಂದು ಸೈಟು ಹಿಡಿಯತೊಡಗಿದರು. ನಮ್ಮ ಬೀದಿಯಲ್ಲೇ ಹನ್ನೆರಡು ಸೈಟು ಖಾಲಿ. ಬೇಲಿ ಇದೆ, 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಹಲಗೆ ಇದೆ, ಎದೆಯುದ್ದ ಪಾರ್ಥೇನಿಯಂ ಇದೆ. ವರ್ಷಕ್ಕೆರಡು ಸಲ ಹಾವು ಹಿಡಿಯುವವನನ್ನು ಕರೆಸುತ್ತೇವೆ. ಅವುಗಳ ಜೊತೆಗೆ ಮೂರು ಕಟ್ಟಿದ ಮನೆಗಳು, ಬೀಗ ಹಾಕಿದವು. ಮಗ ಅಮೆರಿಕದಲ್ಲಿ, ತಂದೆತಾಯಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಅವರು ಇಲ್ಲದಾಗ ಮನೆಯಲ್ಲಿ ದೀಪ ತಾನಾಗಿ ಹತ್ತಿ ತಾನಾಗಿ ಆರುತ್ತದೆ, ಕಳ್ಳರಿಗೆ ತಿಳಿಯಬಾರದೆಂದು. ಮನೆಯಿಲ್ಲದವನು ಇದನ್ನು ನೋಡಿದರೆ ಏನೆಂದುಕೊಳ್ಳುತ್ತಾನೆ ಎಂದು ನಾವು ಯೋಚಿಸಿಲ್ಲ.

ನನ್ನ ಮನೆಯ ಮಾತು ಬಿಟ್ಟರೆ ತಪ್ಪಾದೀತು. ಇಬ್ಬರೇ ಇದ್ದೇವೆ, ನಾನು ಮತ್ತು ನನ್ನ ಹೆಂಡತಿ. ಸ್ನಾನದ ಮನೆಗಳು ನಾಲ್ಕು. ಮಕ್ಕಳು ಬಂದರೆ ಬೇಕಾಗುತ್ತದೆಂದು ಕಟ್ಟಿಸಿದೆವು. ಮಕ್ಕಳು ವರ್ಷಕ್ಕೆ ಹತ್ತು ದಿನ ಬರುತ್ತಾರೆ. ನೆಲದೊಳಗೆ ತೊಟ್ಟಿ, ಮೇಲೆ ತೊಟ್ಟಿ, ಎರಡಕ್ಕೂ ನಡುವೆ ಮೋಟಾರು. ಬೇಸಿಗೆಯಲ್ಲಿ ಕಾವೇರಿ ನೀರು ಎರಡು ದಿನ ಬಾರದಿದ್ದರೆ ನಮ್ಮ ಸಂಘದವರು ಪತ್ರಿಕೆಗೆ ಬರೆಯುತ್ತಾರೆ. ಆದರೆ ತೊಟ್ಟಿಯಿಲ್ಲದೆ ಬೀದಿಯ ನಲ್ಲಿಯಲ್ಲಿ ಬಿಂದಿಗೆ ಸಾಲಿಟ್ಟು ಕಾಯುವವರು ಇದೇ ಹಿನಕಲ್ಲಿನ ಹಳೆಯ ಕೇರಿಯಲ್ಲಿದ್ದಾರೆ. ಅವರು ಪತ್ರಿಕೆಗೆ ಬರೆದದ್ದನ್ನು ನಾನು ಕಂಡಿಲ್ಲ.

ಹಳೆಯ ಕೇರಿ ಎಂದೆ. ಅದು ಕೇರಿಯಲ್ಲ, ಊರು. ಹಿನಕಲ್, ಬೋಗಾದಿ, ದಟ್ಟಗಳ್ಳಿ, ಹೂಟಗಳ್ಳಿ, ಶ್ರೀರಾಂಪುರ ಇವೆಲ್ಲ ಊರುಗಳು. ರಾಗಿ ಬೆಳೆಯುತ್ತಿದ್ದವು, ಹಬ್ಬ ಮಾಡುತ್ತಿದ್ದವು. 1951ರಲ್ಲಿ ಎರಡೂವರೆ ಲಕ್ಷದೊಳಗಿದ್ದ ಮೈಸೂರು, 2011ರಲ್ಲಿ ಸುತ್ತಲಿನ ಪ್ರದೇಶವೂ ಸೇರಿ ಹತ್ತು ಲಕ್ಷದ ಅಂಚಿಗೆ ಬಂದಾಗ, ಈ ಊರುಗಳು ನಮ್ಮ ಬಡಾವಣೆಗಳ ನಡುವೆ ಸಿಕ್ಕಿಕೊಂಡವು. ಹೆಸರು ಮಾತ್ರ ಬಸ್ಸಿನ ಹಲಗೆಯ ಮೇಲೆ ಉಳಿದಿದೆ. ನನ್ನ ಸೈಟು ಇರುವ ಜಾಗದಲ್ಲಿ ರಾಗಿ ಹೊಲವಿತ್ತೆಂದು ಅದನ್ನು ಉತ್ತವನ ಮೊಮ್ಮಗನೇ ನನಗೆ ಹೇಳಿದ. ಅವನು ಹತ್ತಿರದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗಿದ್ದಾನೆ. ಅಲ್ಲಿಗೆ ಬಂದವರ ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು ಅವನ ಕೆಲಸ. ನಾನು ಒಂದು ಸಲ ಸ್ನೇಹಿತರನ್ನು ನೋಡಲು ಹೋದಾಗ, 'ಎಲ್ಲಿಂದ ಬಂದಿದ್ದೀರಿ ಸಾರ್?' ಎಂದು ರೂಢಿಯಂತೆ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು.

ನ್ಯಾಯ ಹೇಳಬೇಕಾದರೆ, ನಮ್ಮಿಂದ ಊರಿಗೆ ಏನೂ ಆಗಿಲ್ಲವೆಂದಲ್ಲ. ಎಲ್ಲಿಯೋ ಸಂಪಾದಿಸಿದ ಹಣ ಇಲ್ಲಿ ಖರ್ಚಾಗುತ್ತದೆ. ಹಾಲಿನವನಿಗೆ, ಸೊಪ್ಪಿನವಳಿಗೆ, ಔಷಧದ ಅಂಗಡಿಗೆ (ಔಷಧದ ಅಂಗಡಿಗೆ ತುಸು ಹೆಚ್ಚಾಗಿಯೇ) ನಮ್ಮಿಂದ ಅನ್ನವುಂಟು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಹಾಕುತ್ತೇವೆಂದು 2022ರಲ್ಲಿ ಹೊರಟಾಗ ವಿರೋಧಿಸಿದವರಲ್ಲಿ ನರೆತ ತಲೆಗಳು ಬಹಳವಿದ್ದವು. 2025ರ ಏಪ್ರಿಲಿನಲ್ಲಿ ಹೈದರಾಲಿ ರಸ್ತೆಯ ನಲವತ್ತು ಮರಗಳನ್ನು ಕಡಿದುಹಾಕಿದಾಗ ಬೀದಿಗೆ ಬಂದು ಅತ್ತವರಲ್ಲಿಯೂ ಇದ್ದರು. ಇವರಿಗೆ ನಾನು ನಮಸ್ಕಾರ ಮಾಡುತ್ತೇನೆ. ಆದರೆ ಬೆಟ್ಟಕ್ಕಾಗಿ, ಮರಕ್ಕಾಗಿ, ಎಲ್ಲರದ್ದಾದ ಒಂದು ವಸ್ತುವಿಗಾಗಿ ಹೋರಾಡುವುದು ಬೇರೆ. ನನ್ನ ಕಿಟಕಿಯ ಕೆಳಗೆ ಯಾರೂ ಸುಳಿಯಬಾರದೆಂದು ಹೋರಾಡುವುದು ಬೇರೆ. ಎರಡಕ್ಕೂ ನಮ್ಮ ಸಂಘದಲ್ಲಿ ಒಂದೇ ಹೆಸರು: 'ಪರಿಸರ ಸಂರಕ್ಷಣೆ'.

ಲಕ್ಷ್ಮೀಪುರಂನಲ್ಲಿ ಹುಟ್ಟಿ ಬೆಳೆದ ನನ್ನ ಹಿರಿಯ ಮಿತ್ರರೊಬ್ಬರು ಈ ಮಾತನ್ನೆಲ್ಲ ಕೇಳಿ ಬಹಳ ಸಂತೋಷಪಟ್ಟರು. 'ಹೊರಗಿನವರು ಬಂದೇ ಊರು ಕೆಟ್ಟಿದ್ದು ಕಣ್ರೀ, ನೀವಾದರೂ ಒಪ್ಪಿದಿರಲ್ಲ' ಎಂದರು. ಅವರ ತಂದೆಯ ಕಾಲದ ಹಂಚಿನ ಮನೆ, ಮುಂದೆ ಸಂಪಿಗೆ ಮರ, ಹಿಂದೆ ಬಾವಿ, ಈಗ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅದನ್ನು ಕೆಡವಿ ಎದ್ದ ಐದು ಅಂತಸ್ತಿನ ಮೂರನೆಯದರಲ್ಲಿ ಕುಳಿತೇ ನಾವು ಕಾಫಿ ಕುಡಿಯುತ್ತಿದ್ದೆವು.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೂಡುತ್ತ ಬಂದೆನೆಂದು ಜಾಣ ಓದುಗರು ಕಂಡುಕೊಂಡಿರಬಹುದು.

ನಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸಿನ ಹೆಸರನ್ನು ಬರೆಯುವುದಿಲ್ಲ, ಬರೆದರೆ ಬೈಯುತ್ತಾಳೆ. ಅರವತ್ತಾರು ವರ್ಷ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾವು ಮನೆ ಕಟ್ಟಿಸುವಾಗ ಹಿನಕಲ್ಲಿನಲ್ಲೇ ಒಂದು ವಠಾರದಲ್ಲಿದ್ದಳು. ಗಾರೆ ಕೆಲಸಕ್ಕೆ ಬಂದವಳು ಮನೆಗೆಲಸಕ್ಕೆ ಉಳಿದಳು. ಆಗ ಅವಳು ಹತ್ತು ನಿಮಿಷದಲ್ಲಿ ನಡೆದು ಬರುತ್ತಿದ್ದಳು. ಆರು ವರ್ಷದ ಹಿಂದೆ ವಠಾರದ ಒಡೆಯ ಜಾಗವನ್ನು ಮಾರಿದ. ಯಾಕೆ ಮಾರಬಾರದು? ನಮ್ಮಂಥವರು ಬಂದು ಬಂದು ಅಡಿಗೆ ಇಷ್ಟು ಎಂದು ಕೊಡುತ್ತಿರುವಾಗ ಆರು ಬಾಡಿಗೆ ಸಂಸಾರಗಳಿಂದ ಅವನಿಗೆ ಬರತಕ್ಕದ್ದೇನು? ವಠಾರ ಬಿತ್ತು. ಸುತ್ತಮುತ್ತ ಒಂದು ಕೋಣೆಗೂ ಅವಳ ಕೈಗೆ ನಿಲುಕುವ ಬಾಡಿಗೆ ಸಿಕ್ಕಲಿಲ್ಲ. ಇಲವಾಲದ ಆಚೆ ಒಂದು ಹಳ್ಳಿಯಲ್ಲಿ ತಂಗಿಯ ಮನೆಯ ಪಕ್ಕ ಸೂರು ಮಾಡಿಕೊಂಡಳು. ಅಲ್ಲಿಂದ ಹುಣಸೂರು ರಸ್ತೆಯ ಬಸ್ಸಿನಲ್ಲಿ ಬಂದು, ಹಿನಕಲ್ ಮೇಲುಸೇತುವೆಯ ಹತ್ತಿರ ಇಳಿದು, ಒಂದೂವರೆ ಕಿಲೋಮೀಟರು ನಡೆದು ನಮ್ಮ ಮನೆಗೆ ಬರುತ್ತಾಳೆ. ಬೇರೆ ಎರಡು ಮನೆಯ ಕೆಲಸವೂ ಉಂಟು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಲ್ಲವಾದ್ದರಿಂದ ಅಷ್ಟರಮಟ್ಟಿಗೆ ಅವಳ ಖರ್ಚು ಇಳಿಯಿತು. ನಡೆಯುವುದಕ್ಕೆ ಮಾತ್ರ ಸರ್ಕಾರ ಯಾವ ಯೋಜನೆಯನ್ನೂ ಮಾಡಿಲ್ಲ.

ಅವಳಿಗೂ ಪೆನ್ಷನ್ ಬರುತ್ತದೆ. ಸಂಧ್ಯಾ ಸುರಕ್ಷಾ ಎಂದು ಹೆಸರು, ಕೇಳುವುದಕ್ಕೆ ಇಂಪಾಗಿದೆ. 2021ರಲ್ಲಿ ಅದನ್ನು ಸಾವಿರದಿಂದ 1,200 ರೂಪಾಯಿಗೆ ಏರಿಸಿದರು. ನನಗೆ ಬರುವ ಪೆನ್ಷನ್ನಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯದ ಲೆಕ್ಕ ಹಾಕುತ್ತಾರೆ. ಎಂಬತ್ತು ತುಂಬುವವರೆಗೆ ಬದುಕಿದರೆ ಮೂಲ ಪೆನ್ಷನ್ನಿನ ಮೇಲೆ ನೂರಕ್ಕೆ ಇಪ್ಪತ್ತು ಹೆಚ್ಚು ಕೊಡುತ್ತಾರೆ, ಬದುಕಿದ್ದಕ್ಕೆ ಬಹುಮಾನವೆಂಬಂತೆ. ಇದು ನನ್ನ ಹಕ್ಕು, ಬಿಡುವುದಿಲ್ಲ. ಆದರೆ ಈ ಊರನ್ನು 'ಪೆನ್ಷನ್‌ದಾರರ ಸ್ವರ್ಗ' ಎನ್ನುವಾಗ ಅವಳನ್ನು ಆ ಪೆನ್ಷನ್‌ದಾರರಲ್ಲಿ ಸೇರಿಸಿದ್ದೇವೆಯೆ? ನಮ್ಮ ಜಾತಿಯ ಪೆನ್ಷನ್‌ದಾರರೂ ಶಾಶ್ವತವಲ್ಲ. ಸೇನೆಯನ್ನು ಬಿಟ್ಟರೆ, ಕೇಂದ್ರದ ಕೆಲಸಕ್ಕೆ 2004ರ ಜನವರಿಯಿಂದೀಚೆಗೆ, ರಾಜ್ಯದ ಕೆಲಸಕ್ಕೆ 2006ರ ಏಪ್ರಿಲಿನಿಂದೀಚೆಗೆ ಸೇರಿದವರಿಗೆ ನಮಗಿದ್ದಂಥ ಏರ್ಪಾಡಿರಲಿಲ್ಲ. ಅವರ ಮತ್ತು ಸರ್ಕಾರದ ವಂತಿಗೆ, ಅದರ ಮೇಲಿನ ಹುಟ್ಟುವಳಿ, ಅಷ್ಟೆ. 2025ರಲ್ಲಿ ಕೇಂದ್ರದವರಿಗೆ ಇನ್ನೊಂದು ಯೋಜನೆ ಬಂದಿದೆ, ಅದೂ ನಮ್ಮದಲ್ಲ. ಖಾಸಗಿಯವರ ಮಾತಂತೂ ಎತ್ತುವುದೇ ಬೇಡ. ಬಾಗಿಲಿಗೆ ಬೀಗ ಹಾಕಿ ನಾವು ಕಾಯುತ್ತಿರುವ ಈ ಸ್ವರ್ಗಕ್ಕೆ ಮುಂದೆ ಪ್ರವೇಶಿಸತಕ್ಕವರೇ ಕಡಿಮೆ.

ಬಸ್ಸಿನ ಕಥೆ ಇದು. ಮೂರು ವರ್ಷದ ಹಿಂದೆ ಸಾರಿಗೆಯವರು ಯಾರ ಪುಣ್ಯದಿಂದಲೋ ನಮ್ಮ ಎರಡನೆಯ ಮುಖ್ಯರಸ್ತೆಯ ಮೇಲೆ ಒಂದು ಸಿಟಿ ಬಸ್ಸು ಬಿಟ್ಟರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಇಪ್ಪತ್ತು ದಿನ ಓಡಿತು. ಬೆಳಗಿನದು ಆರೂಮುಕ್ಕಾಲಿಗೆ ಬರುತ್ತಿತ್ತು. ಆ ಹೊತ್ತಿಗೆ ನಾವು ಪಾರ್ಕಿನಲ್ಲಿ ಪ್ರಾಣಾಯಾಮ ಮಾಡುವ ರೂಢಿ. ಹಾರನ್ನಿನಿಂದ ಉಚ್ಛ್ವಾಸ ನಿಶ್ವಾಸಗಳು ಕೆಡುತ್ತವೆಂದು ಆಕ್ಷೇಪಣೆ ಬಂತು. ಅರ್ಜಿ ತಯಾರಾಯಿತು: ರಸ್ತೆ ಕಿರಿದು, ವೃದ್ಧರು ಓಡಾಡುವ ಸ್ಥಳ, ಅಪಘಾತಕ್ಕೆ ಆಸ್ಪದ, ಶಾಂತಿಭಂಗ. ರಸ್ತೆ ನಲವತ್ತು ಅಡಿ ಅಗಲವಿದೆ. ಅರ್ಜಿಯ ಕನ್ನಡ ಮಾತ್ರ ಚೆನ್ನಾಗಿತ್ತು, ತಿದ್ದಿದವನು ನಾನು. ಅರವತ್ತನಾಲ್ಕು ಸಹಿಯಲ್ಲಿ ಹದಿನೇಳನೆಯದು ನನ್ನದು. ಮುಂದಿನ ವಾರದಿಂದ ಬಸ್ಸು ನಿಂತಿತು. ಸಿಹಿ ಹಂಚಿದರು.

ನಾಲ್ಕೈದು ದಿನ ಕಳೆದ ಮೇಲೆ ಅವಳು ಅರ್ಧ ಗಂಟೆ ತಡವಾಗಿ ಬಂದಳು. ನನ್ನ ಹೆಂಡತಿ ಏಕೆಂದು ಕೇಳಿದಳು. 'ಒಳಗಡೆ ಬತ್ತಿತ್ತಲ್ಲ ಬಸ್ಸು, ಅದು ನಿಂತೋಯ್ತಂತೆ ಅಮ್ಮಾವ್ರೆ. ಮಂಡಿ ಬೇರೆ ಹಿಡ್ಕಂಡದೆ. ನಡ್ಕ ಬರೋದ್ರಲ್ಲಿ ಹೊತ್ತಾಯ್ತದೆ' ಎಂದಳು. 'ಯಾಕೆ ನಿಂತಿತಂತೆ?' ಎಂದು ನನ್ನ ಹೆಂಡತಿ ಕೇಳಿದಳು. ಅವಳಿಗೆ ಅರ್ಜಿಯ ವಿಷಯ ಗೊತ್ತಿರಲಿಲ್ಲ. 'ಯಾರೋ ಬ್ಯಾಡ ಅಂದ್ರಂತೆ.' ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡು ಒಳಗೇ ಇದ್ದೆ. ಆ ದಿನದ ಪತ್ರಿಕೆಯಲ್ಲಿ ಏನಿತ್ತೆಂದು ಯಾರಾದರೂ ಕೇಳಿದರೆ ಹೇಳಲಾರೆ.

ಮೂರು ವರ್ಷದಿಂದ ಅವಳು ಅದೇ ದಾರಿಯನ್ನು ನಡೆಯುತ್ತಿದ್ದಾಳೆ. ಅವಳೊಬ್ಬಳೇ ಅಲ್ಲ. ಬೆಳಿಗ್ಗೆ ಏಳು ಗಂಟೆಗೆ ಮೇಲುಸೇತುವೆಯ ಕೆಳಗೆ ನಿಂತು ಎಣಿಸಿದ್ದೇನೆ, ಅಭ್ಯಾಸಬಲ; ಒಂದು ಬಸ್ಸಿನಿಂದ ಇಳಿದು ನಮ್ಮ ಕಡೆಗೆ ತಿರುಗಿದವರು ಮೂವತ್ತೊಂದು ಮಂದಿ. ಅಡಿಗೆಯವರು, ಮನೆಗೆಲಸದವರು, ಮಲಗಿದಲ್ಲೇ ಇರುವ ವೃದ್ಧರನ್ನು ನೋಡಿಕೊಳ್ಳುವ ಹುಡುಗಿಯರು, ತೋಟದವರು. ಇವರಲ್ಲಿ ಒಬ್ಬೊಬ್ಬರೂ ನಮ್ಮಲ್ಲಿ ಯಾರೋ ಒಬ್ಬರ ಕೈಕಾಲು. ಕೈಕಾಲು ಬೇಕು, ಅವು ಬರುವ ಬಸ್ಸು ಬೇಡ! 2015ರಲ್ಲಿ, ಮತ್ತೆ 2016ರಲ್ಲಿ, ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೈಸೂರಿಗೆ ಹೆಸರು ಬಂದಾಗ ನಾವು ಬೆಂಗಳೂರಿನ ನೆಂಟರಿಗೆಲ್ಲ ಫೋನು ಮಾಡಿ ಹೇಳಿದೆವಲ್ಲ, ಆ ಬೀದಿಗಳನ್ನು ಗುಡಿಸಿದವರು ಬೆಳಿಗ್ಗೆ ಎಷ್ಟು ಗಂಟೆಗೆ ಎಲ್ಲಿಂದ ಬರುತ್ತಾರೆಂದು ಕೇಳಿದೆವೆ?

'ಹಾಗಾದರೆ ಮುದುಕರು ಎಲ್ಲಿಗೆ ಹೋಗಬೇಕು?' ಎಂದು ನಮ್ಮ ಅಧ್ಯಕ್ಷರು ಕೇಳುತ್ತಾರೆ. ಈ ಲೇಖನ ಓದಿದ ಮೇಲೆ ಖಂಡಿತ ಕೇಳುತ್ತಾರೆ. ಎಲ್ಲಿಗೂ ಹೋಗಬೇಕಾಗಿಲ್ಲ, ಸ್ವಾಮಿ. ಬರುವುದು ತಪ್ಪಲ್ಲ, ಬಂದಮೇಲೆ ಇನ್ನಾರೂ ಬರಕೂಡದೆನ್ನುವುದು ತಪ್ಪು. ನಿವೃತ್ತರಾಗಿ ಈ ಸೀಮೆಗೆ ಬಂದವರೊಬ್ಬರ ಚಿತ್ರ ನಮ್ಮ ಸಂಘದ ಕೋಣೆಯ ಗೋಡೆಯ ಮೇಲೇ ಇದೆ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ನೌಕರಿಯನ್ನು ಅವಧಿಗೆ ಮೊದಲೇ ಬಿಟ್ಟು, 1909ರಲ್ಲಿ ಮೈಸೂರು ಸಂಸ್ಥಾನಕ್ಕೆ ಚೀಫ್ ಎಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ, 1916ರ ವಿಶ್ವವಿದ್ಯಾನಿಲಯ, ಮೇಲೆ ಹೇಳಿದ ರೇಷ್ಮೆ ಮತ್ತು ಗಂಧದ ಕಾರ್ಖಾನೆಗಳು, ಎಲ್ಲವೂ ಒಂದು ಕೆಲಸದಿಂದ ನಿವೃತ್ತರಾದ ಮನುಷ್ಯ ಇನ್ನೊಂದು ಕೆಲಸಕ್ಕೆ ಕೈಹಾಕಿದ್ದರ ಫಲ. ನಮಗೆ ಅವರ ತಲೆಯಿಲ್ಲ, ಅವರಿಗೆ ಆಗ ಇದ್ದ ವಯಸ್ಸೂ ಇಲ್ಲ. ಕಟ್ಟೆ ಕಟ್ಟಿರೆಂದು ಯಾರೂ ನಮ್ಮನ್ನು ಕೇಳುತ್ತಲೂ ಇಲ್ಲ. ಪಾರ್ಕಿನಲ್ಲಿ 'ಆಟ ಆಡಬಾರದು' ಎಂದು ನೆಟ್ಟಿರುವ ಹಲಗೆಯನ್ನು ಕಿತ್ತು, ಸಂಜೆ ಎರಡು ಗಂಟೆ ಹಿನಕಲ್ಲಿನ ಹುಡುಗರಿಗೆ ಬಿಟ್ಟುಕೊಟ್ಟರೆ ಸಾಕು. ಚೆಂಡು ತಗುಲಿ ಕಿಟಕಿಯ ಗಾಜು ಒಡೆದರೆ ಸಂಘದ ನಿಧಿಯಿಂದ ಕೊಡೋಣ; ಏಳು ರೂಪಾಯಿ ಬಿಟ್ಟು ಉಳಿದದ್ದೆಲ್ಲ ಲೆಕ್ಕಕ್ಕೆ ಸಿಕ್ಕಿದೆ. ನಮ್ಮಲ್ಲಿ ಮೇಷ್ಟರಿದ್ದಾರೆ, ಎಂಜಿನಿಯರುಗಳಿದ್ದಾರೆ, ಒಬ್ಬರು ವೈದ್ಯರಿದ್ದಾರೆ. ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆರಡು ದಿನ ಲೆಕ್ಕ ಹೇಳಿಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಖಾಲಿ ಮಲಗಿರುವ ಮಹಡಿಯ ಮನೆಯನ್ನು ನ್ಯಾಯವಾದ ಬಾಡಿಗೆಗೆ ಕೆಲಸ ಮಾಡುವವರ ಸಂಸಾರಕ್ಕೆ ಕೊಡಬಹುದು. ಇದನ್ನು ಬರೆಯುವಾಗ ನನ್ನ ಮಹಡಿಯ ಮನೆಯ ನೆನಪಾಯಿತು. ಹೆಂಡತಿಯೊಡನೆ ಮಾತಾಡಿದ್ದೇನೆ, ತೀರ್ಮಾನವಾಗಿಲ್ಲ. ಮಗ ಬಂದರೆ ಎಲ್ಲಿ ಇರುತ್ತಾನೆ ಎನ್ನುತ್ತಾಳೆ.

ಬಸ್ಸಿಗೆ ಮಾತ್ರ ಕಾಯಲಾಗುವುದಿಲ್ಲ. ಹಳೆಯ ಅರ್ಜಿಯ ಪ್ರತಿ ನನ್ನಲ್ಲಿತ್ತು. ಅದನ್ನೇ ಮುಂದಿಟ್ಟುಕೊಂಡು ಹೊಸದೊಂದನ್ನು ಬರೆದಿದ್ದೇನೆ. ರಸ್ತೆ ಅಗಲವಾಗಿದೆ, ವೃದ್ಧರು ಓಡಾಡುವ ಸ್ಥಳವಾದ್ದರಿಂದಲೇ ಬಸ್ಸು ಅಗತ್ಯ, ಆರೂಮುಕ್ಕಾಲರ ಬಸ್ಸು ಮೊದಲಿದ್ದಂತೆಯೇ ಬರತಕ್ಕದ್ದು. ಕಳೆದ ಭಾನುವಾರದಿಂದ ಮನೆಮನೆಗೆ ಹೋಗುತ್ತಿದ್ದೇನೆ. ಇಬ್ಬರು ಬಾಗಿಲು ತೆಗೆಯಲಿಲ್ಲ. ಒಬ್ಬರು ಓದಿ, ಕನ್ನಡ ಚೆನ್ನಾಗಿದೆಯೆಂದು ಹೊಗಳಿ ಹಿಂದಿರುಗಿಸಿದರು. ನಮ್ಮ ವೈದ್ಯರು ಒಂದು ಮಾತೂ ಆಡದೆ ಸಹಿ ಮಾಡಿದರು. ಇದುವರೆಗೆ ಹನ್ನೊಂದು ಸಹಿಯಾಗಿದೆ. ಈ ಸಲ ಮೊದಲನೆಯದು ನನ್ನದು. ನಿನ್ನೆ ಬೆಳಿಗ್ಗೆ ಕಾಗದ ಮೇಜಿನ ಮೇಲಿದ್ದಾಗ ಅವಳು ಒರೆಸುತ್ತ ಬಂದು, 'ಇದೇನ್ ಸಾರ್, ಇಷ್ಟೊಂದು ಸೈನು?' ಎಂದಳು. ಹೇಳಿದೆ. ಹಳೆಯ ಅರ್ಜಿಯ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಬಟ್ಟೆ ಹಿಂಡಿಕೊಂಡು, 'ನಂದೂ ಒಂದು ಹಾಕ್ಬೋದಾ?' ಎಂದು ಕೇಳಿದಳು. ಬಡಾವಣೆಯ ನಿವಾಸಿಗಳು ಮಾತ್ರ ಸಹಿ ಮಾಡತಕ್ಕದ್ದೆಂದು ಸಂಘದ ನಿಯಮವಿದೆ. ಹನ್ನೆರಡನೆಯ ಸಾಲಿನಲ್ಲಿ ಅವಳ ಹೆಸರು ಬರೆದು ಪೆನ್ನು ಕೊಟ್ಟೆ.